ಸೊಸಿ ಸಾಕಿದ ಹವಳ

ಮೊನ್ನೆ ನಾ ವಾಟ್ಸಪ್‌ನ್ಯಾಗ ಹಾಕಿದ ಫೋಟೋ ನೋಡಿ ವೈನಿ ಫೋನ್ ಮಾಡಿದ್ರು. “ಏನದು, ಮಳಿಗಾಲದಾಗ ಕಟಗಿ ಮ್ಯಾಲೆ ಏಳೋ ಅಣಬಿ ಏನು? ಮತ್ತ ಅದಕ್ಕ ಕುಂಕುಮ ಯಾರು ಇಟ್ರು?” ಅಂದ್ರು. ಎದುರುಮನಿ ಅಕ್ಕಾರು ಪ್ಲಾಸ್ಟಿಕ್ ಹೂವು ಅಂದ್ಕೊಂಡಿದ್ರಂತ. ಹೂವೂ ಅಲ್ಲ, ಅಣಬೀನೂ ಅಲ್ಲ, ಅದು ಹವಳ. ಜೀವ ಇರೋ ಪ್ರಾಣಿ. ನಮ್ಮ ಸೊಸಿ ಸಾಕಿದ್ದು. ಒಬ್ಬೊಬ್ಬರಿಗೆ ಫೋನಿನ್ಯಾಗ ಹೇಳೋ ಬದ್ಲಿ ಇಲ್ಲೇ ಬರದುಬಿಡ್ತೀನಿ. ಬರಿಯೋದ್ರಾಗ ನಂದೊಂದು ತಪ್ಪೂ ಬರ್ತದ. ಬರ್ಲಿ.

ಹೋದ ವರ್ಷ ಜೂನ್‌ನ್ಯಾಗ ಸೊಸಿ ಬಾಣಂತನಕ್ಕಂತ ನಾ ಅಮೇರಿಕಾಕ್ಕ ಹೋದದ್ದು ನಿಮಗೆಲ್ಲಾ ಗೊತ್ತದ. ಟೆಕ್ಸಾಸ್‌ನ್ಯಾಗ ಡಲ್ಲಾಸ್ ಹತ್ರ ಪ್ಲೇನೋ ಅಂತ ಊರು. ಬೀಗತಿಗೆ ಮೊಣಕಾಲಿನ ಆಪರೇಶನ್ ಆಗಿತ್ತು, ಅವರಿಗೆ ಬರ್ಲಿಕ್ಕೆ ಆಗ್ಲಿಲ್ಲ. ಅದಕ್ಕ ನಾನಽ ಹೋದೆ. ಬಾಗಲಾ ತಗದು ಒಳಗ ಕಾಲಿಟ್ಟ ಕೂಡ್ಲೆ ಕಂಡದ್ದು ದೇವರ ಮನಿ ಅಲ್ಲ, ಹಾಲಿನ ನಡಕ ಒಂದು ದೊಡ್ಡ ಗಾಜಿನ ತೊಟ್ಟಿ. 40 ಗ್ಯಾಲನ್ ಅಂತ, ಅಂದ್ರ ನಮ್ಮ ಲೆಕ್ಕದಾಗ 150 ಲೀಟರ್. ಒಳಗ ನೀಲಿ ಬೆಳಕು, ಕಲ್ಲು, ಎರಡು ಕೇಸರಿ ಬಣ್ಣದ ಮೀನು, ಮೀಸಿ ಅಲುಗಾಡಸ್ಕೋತ ಅಡ್ಡಾಡೋ ಒಂದು ಸೀಗಡಿ, ಮತ್ತ ಕಲ್ಲಿಗೆ ಅಂಟಿಕೊಂಡ ಈ ಹವಳ. ದಿನಾ ಮುಂಜಾನೆ ಚಹಾ ಕುಡಿಯೂಕಿಂತ ಮೊದಲ ಸೊಸಿ ಅದರ ಮುಂದ ಹೋಗಿ ನಿಂದ್ರತಿದ್ಲು. ಆರು ತಿಂಗಳ ಬಸರಿ, ಒಂದು ಕೈ ನಡದ ಮ್ಯಾಲೆ, ಇನ್ನೊಂದು ಕೈಯಾಗ ಸಣ್ಣ ಗಾಜಿನ ನಳಗಿ.

ನಂಗ ಖರೇ ಹೇಳಬೇಕಂದ್ರ ಛೊಲೋ ಅನಿಸ್ಲಿಲ್ಲ. ಒಂದು, ರೊಕ್ಕ ನೀರಾಗ ಹಾಕ್ಯಾರಲ್ಲ ಅಂತ. ಎರಡು, ಫ್ರೀಜರ್ ತಗದ್ರ ಬಟಾಣಿ ಪಾಕೀಟಿನ ಬಾಜೂಕ ಸಣ್ಣ ಸಣ್ಣ ಸೀಗಡಿ ಹೆಪ್ಪುಗಟ್ಟಿಸಿದ ಡಬ್ಬಿ. ಅದು ಹವಳದ ಊಟ. ನಾ ಆವತ್ತಽ ಬಟಾಣಿ ಪಾಕೀಟು ತಗದು ಕೆಳಗಿನ ಖಣಕ್ಕ ಇಟ್ಟೆ. ಸೊಸಿ ನೋಡಿದ್ಲು, ಏನೂ ಅನ್ನಲಿಲ್ಲ. ಮೂರನೇದ್ದು, ಅಕಿ ನನ್ನ ಜೋಡಿ ಮಾತಾಡೋದು ಕಡಿಮಿ, ರಾತ್ರಿ ಊಟ ಆದಮ್ಯಾಲೆ ಆ ತೊಟ್ಟಿ ಮುಂದ ಕೂತ್ರ ತಾಸುಗಟ್ಟಲೆ ಏಳ್ತಿದ್ದಿಲ್ಲ. ಅತ್ತಿ ಬಂದಾಳಂತ ಸಿಟ್ಟೇನೋ ಅಂದ್ಕೊಂಡೆ.

ಹವಳ ಅಂದ್ರ ನಂಗ ಗೊತ್ತಿದ್ದದ್ದು ಒಂದಽ, ತಾಳ್ಯಾಗ ಕರಿಮಣಿ ನಡಕ ಪೋಣಿಸೋ ಕೆಂಪು ಮಣಿ. ಅದು ಬ್ಯಾರೆ ಜಾತಿ, ಮೆಡಿಟರೇನಿಯನ್ ಸಮುದ್ರದಾಗ ಸಿಗೋದು, ಅದೂ ಒಂದು ಪ್ರಾಣಿಯ ಎಲಬಽ ಅಂತ ಸೊಸಿ ಹೇಳಿದಾಗ ನನ್ನ ಕೈ ಕೊಳ್ಳಿಗೆ ಹೋತು. ಮೂವತ್ತು ವರ್ಷ ಅದನ್ನ ಹಾಕ್ಕೊಂಡು ಮಡಿಲೆ ಅಡಗಿ ಮಾಡೀನಿ ನೋಡ್ರಿ.

ಅಕಿ ಸಾಕಿದ್ದಕ್ಕ ಚಾಲಿಸ್ ಹವಳ ಅಂತಾರ. ಬಟ್ಟಲು ಅಂತ ಅರ್ಥ. ಬೆಳೀತ ಬೆಳೀತ ತಾಟಿನ್ಹಂಗ ಹಬ್ಬಿ ಅಂಚು ಮ್ಯಾಲೆ ಏಳ್ತದ, ಅದಕ್ಕ ಆ ಹೆಸರು. ಇಂಡೋನೇಷ್ಯಾ, ಆಸ್ಟ್ರೇಲಿಯಾ ಕಡಿ ಸಮುದ್ರದ್ದು. ಈಗ ಮಂದಿ ಮನಿಯೊಳಗಽ ಬೆಳಸಿ, ಕೊಯ್ದು, ತುಂಡು ಮಾರ್ತಾರ. ನಾವು ದಾಸಾಳ ಟೊಂಗಿ ಕೊಡೂದಿಲ್ಲಾ, ಹಂಗ. ಆದ್ರ ರೇಟು ಕೇಳಬ್ಯಾಡ್ರಿ. ಬಣ್ಣಕ್ಕೊಂದು ಹೆಸರು ಬ್ಯಾರೆ, ಹಾಲಿವುಡ್ ಸ್ಟನ್ನರ್ ಅಂತ, ಮಿಯಾಮಿ ಹರಿಕೇನ್ ಅಂತ, ಸೀರಿ ಅಂಗಡ್ಯಾಗ ಸೀರಿಗೆ ಸಿನೆಮಾ ಹೆಸರು ಇಟ್ಟಂಗ. ಇಕಿದರ ಹೆಸರು ವಾಟರ್‌ಮೆಲನ್. ನಾ ಕಲ್ಲಂಗಡಿ ಅಂತಿದ್ದೆ. ಹಸರು ಮೈ, ಮ್ಯಾಲೆ ಕೆಂಪು ಬೊಟ್ಟು. ವೈನಿ ಕುಂಕುಮ ಅಂದ್ರಲ್ಲ, ಆ ಒಂದೊಂದು ಬೊಟ್ಟೂ ಒಂದೊಂದು ಬಾಯಿ. ಏಳು ಬಾಯಿ ಇದ್ದುವು.

ಜುಲೈ ಕಡೀಕ ಸೊಸಿಗೆ ಬಿಪಿ ಏರ್ತು. ಕಾಲು ಬಾತವು, ತಲಿನೋವು, ಕಣ್ಣಮುಂದ ಮಿಣಮಿಣ ಅಂತು. ದವಾಖಾನ್ಯಾಗ ನೋಡಿ, ಹೆರಿಗಿ ಆಗೂತನಕ ಇಲ್ಲೇ ಇರಬೇಕು, ಮನಿಗೆ ಬಿಡಂಗಿಲ್ಲ ಅಂದ್ರು. ಇನ್ನೂ ಎಂಟು ತಿಂಗಳು ತುಂಬಿದ್ದಿಲ್ಲ. ಮಗ ಆಫೀಸಿಗೂ ದವಾಖಾನಿಗೂ ಓಡ್ಯಾಡಲಿಕ್ಕೆ ಹತ್ತಿದ. ಅಕಿ ಹೋಗೋಮುಂದ ನನ್ನ ಕೈ ಹಿಡದು ಅಂದದ್ದು ಒಂದಽ ಮಾತು: “ಅತ್ಯಾ, ಟ್ಯಾಂಕ್ ಒಂದು ನೋಡ್ಕೋರಿ. ವಹಿ ಮ್ಯಾಲೆ ಎಲ್ಲಾ ಬರದೀನಿ.”

ಪಿಯುಸಿ ಓದಿದ್ದು ಆವತ್ತು ಉಪಯೋಗಕ್ಕ ಬಂತು. ವಹಿ ಪೂರ್ತಿ ಇಂಗ್ಲಿಷಿನ್ಯಾಗ. ಮೊದಲನೇ ದಿನ ಓದಲಿಕ್ಕೇ ಎರಡು ತಾಸು. ಆದ್ರ ಓದಿದಮ್ಯಾಲೆ ನಂಗ ನಗು ಬಂತು, ಯಾಕಂದ್ರ ಅರ್ಧಕ್ಕರ್ಧ ನಮ್ಮ ಅಡಗಿಮನಿ ಕೆಲಸಽ.

ನೀರು ದಿನಾ ಆವಿ ಆಗಿ ಇಳೀತದ. ಇಳದಷ್ಟು ತುಂಬಬೇಕು, ಆದ್ರ ಸಪ್ಪನ್ನ ಶುದ್ಧ ನೀರು, ಉಪ್ಪಿನ ನೀರಲ್ಲ. ಸಾರು ಕುದ್ದು ಇಂಗಿದ್ರ ನೀರು ಹೋಗ್ತದ, ಉಪ್ಪು ಉಳೀತದಲ್ಲ, ಅದಽ ಲೆಕ್ಕ. ಸಮುದ್ರದ ನೀರಿನ್ಯಾಗ ಒಂದು ಕಿಲೋಕ್ಕ 35 ಗ್ರಾಂ ಉಪ್ಪು ಇರ್ತದ, ಇಲ್ಲೂ ಅಷ್ಟಽ ಇರಬೇಕು. ನೋಡ್ಲಿಕ್ಕೆ ಒಂದು ದುರ್ಬೀನಿನಂಥಾದ್ದು ಅದ, ಅದರ ಮ್ಯಾಲೆ ಒಂದು ಹನಿ ಹಾಕಿ ಬೆಳಕಿಗೆ ಹಿಡದ್ರ ಒಳಗ ಗೆರಿ ಕಾಣಸ್ತದ. ನೀರಿನ ಬಿಸಿ ಅವರ ಲೆಕ್ಕದಾಗ 78 ಡಿಗ್ರಿ, ನಮ್ಮ ಲೆಕ್ಕದಾಗ ಇಪ್ಪತ್ತೈದೂವರಿ. ಹೊರಗ ನೂರರ ಮ್ಯಾಲೆ ಬಿಸಲು ಕಾಯ್ತಿತ್ತು, ಎಸಿ ಬಂದಾದ್ರ ನನಕಿಂತ ಮೊದಲ ಹವಳಕ್ಕ ತ್ರಾಸು.

ಇನ್ನ ಸುಣ್ಣ. ಹವಳ ತನ್ನ ಎಲಬು ಕಟ್ಟೋದು ಸುಣ್ಣದಿಂದಽ. ನೀರಿನ್ಯಾಗಿಂದು ಹೀರಿಕೋತದ, ನಾವು ಹೊಳ್ಳಿ ಕೂಡಿಸಬೇಕು. ವಹಿಯೊಳಗ “ಕಾಲ್ಕ್‌ವಾಸರ್” ಅಂತ ಏನೋ ದೊಡ್ಡ ಹೆಸರು ಬರದಿದ್ಲು, ಜರ್ಮನ್ ಶಬ್ದ ಅಂತ. ಒಂದು ಗ್ಯಾಲನ್ ಶುದ್ಧ ನೀರಿಗೆ ಎರಡು ಚಮಚ ಬಿಳೇ ಪುಡಿ ಹಾಕಿ, ಅಲುಗಾಡಿಸಿ, ಮುಚ್ಚಿಟ್ಟು, ಕೆಳಗ ಗಷ್ಟು ಕೂತಮ್ಯಾಲೆ ಮ್ಯಾಲಿನ ತಿಳಿ ಅಷ್ಟಽ ತಗೊಂಡು, ರಾತ್ರಿ ಹನಿ ಹನಿ ಬೀಳೋಹಂಗ ಬಿಡಬೇಕು. ಅಯ್ಯ, ಇದು ನಮ್ಮ ಅಜ್ಜಿ ಮಾಡೋ ಸುಣ್ಣದ ತಿಳಿ! ಗಡಿಗ್ಯಾಗ ಸುಣ್ಣ ನೆನಸಿ, ತಿಳಿ ತಗದು, ಬಸರಿ ಹೆಂಗಸರಿಗೆ ಮಜ್ಜಿಗಿಯೊಳಗ ಒಂದೆರಡು ಹನಿ ಹಾಕಿ ಕೊಡ್ತಿದ್ಲಲ್ಲ. ಭಡಾಭಡಾ ಸುರಿಯೂಹಂಗಿಲ್ಲ, ನೀರು ಒಮ್ಮೆಲೆ ಖಾರ ಆಗಿ ಮೀನಿನ ಜೀವಕ್ಕ ಕೇಡು.

ಸುಣ್ಣ ಸರಿ ಅದನೋ ಇಲ್ಲೋ ನೋಡೋ ಪರೀಕ್ಷಾನೂ ಅದ. ಸಣ್ಣ ಬಾಟ್ಲ್ಯಾಗ ತೊಟ್ಟಿ ನೀರು ತಗೊಂಡು ಔಷಧ ಹನಿ ಹಾಕ್ಕೋತ ಹೋಗಬೇಕು, ನೀಲಿ ಇದ್ದದ್ದು ಹಳದಿ ಆಗೂತನಕ. ಎಂಟು ಒಂಬತ್ತು ಹನಿಗೆ ಬಣ್ಣ ತಿರುಗಿದ್ರ ಛೊಲೋ. ಅರಿಶಿಣಕ್ಕ ಸುಣ್ಣ ಬಿದ್ರ ಓಕಳಿ ಕೆಂಪಗ ಆಗೋದು ನೋಡಿದಕಿಗೆ ಇದೇನು ಹೊಸಾದು.

ಕಷ್ಟ ಆದದ್ದು ಸೀಗಡಿ. ಎರಡು ದಿನ ಮಗನ ದಾರಿ ಕಾದೆ. ಅಂವ ದವಾಖಾನಿಯಿಂದ ಬರೋದು ರಾತ್ರಿ ಹನ್ನೊಂದಕ್ಕ, ಬಂದು ಸೋಫಾದ ಮ್ಯಾಲೆ ಬೂಟು ಹಾಕ್ಕೊಂಡಽ ಮಲಗತಿದ್ದ. ಮೂರನೇ ರಾತ್ರಿ ನಾನಽ ಒಂದು ಹಳೇ ಬಟ್ಟಲದಾಗ ತೊಟ್ಟಿ ನೀರು ತಗೊಂಡು, ಅದರಾಗ ಒಂದು ತುಂಡು ಕರಗಿಸಿ, ಮಾರಿ ಆ ಕಡಿ ಮಾಡಿ, ನಳಗಿಲೆ ಹೀರಿ ತಗೊಂಡೆ. ಇದನ್ನ ಓದಿದಮ್ಯಾಲೆ ಇವರಿಗೂ ಗೊತ್ತಾಗ್ತದ. ಆಮ್ಯಾಲೆ ತಲಿ ಮ್ಯಾಲೆ ನೀರು ಹಾಕ್ಕೊಂಡೇ ಮಲಗಿದೆ, ಹೆದರಬ್ಯಾಡ್ರಿ.

ಆದ್ರ ಅವತ್ತು ಕಂಡದ್ದು ಏನು ಹೇಳ್ಲಿ. ಹಗಲೆಲ್ಲಾ ಬಂಡಿಗಲ್ಲಿನ್ಹಂಗ ಬಿದ್ದಿದ್ದು, ದೀಪ ಆರಿಸಿ ಒಂದು ತಾಸಿಗೆ ಅದರ ಮೈಯಿಂದ ಸಣ್ಣ ಸಣ್ಣ ಬಿಳೇ ಎಳಿ ಹೊರಗ ಬಂದವು. ಶಾವಿಗಿ ಎಳಿಗಿಂತ ತೆಳ್ಳಗ. ನೀರಿನ ಪಂಪು ಬಂದ್ ಮಾಡಿ ಒಂದು ಬಾಯಿ ಮ್ಯಾಲೆ ಒಂದು ಸೀಗಡಿ ತುಣುಕು ಬಿಟ್ರ, ಆ ಎಳಿ ಅದನ್ನ ಹಿಡಕೊಂಡವು, ಬಾಯಿ ಸಾವಕಾಶ ತೆರೀತು. ನುಂಗಲಿಕ್ಕೆ ಹದಿನೈದು ಇಪ್ಪತ್ತು ನಿಮಿಷ. ಅಷ್ಟರಾಗ ಆ ಮೀಸಿ ಸೀಗಡಿ ಬಂದು ಹವಳದ ಬಾಯಾಗಿಂದ ಕಸಗೊಂಡು ಓಡಿಹೋತು! ಕಳ್ಳ! ನಾ ಕಡ್ಡಿ ಹಿಡಕೊಂಡು ಕಾಯಲಿಕ್ಕೆ ಕೂತೆ. ಕೂಸಿಗೆ ಊಟಾ ಮಾಡಿಸೋಮುಂದ ಕಾಗಿ ಓಡಿಸ್ತೀವಲ್ಲ, ಹಂಗ.

ಅಲ್ಲಿಂದ ಅದು ನಂದಽ ಅನಿಸಲಿಕ್ಕೆ ಹತ್ತಿತು. ತಪ್ಪು ಮಾಡಿದ್ದೂ ಅದಕ್ಕಽ.

ಕಲ್ಲಂಗಡಿ ಇದ್ದದ್ದು ತೊಟ್ಟಿ ತಳದಾಗ, ಒಂದು ಕಲ್ಲಿನ ನೆರಳಿನ್ಯಾಗ, ಬ್ಯಾರೆ ಹವಳದಿಂದ ದೂರ. ಮ್ಯಾಲೆ ಅಷ್ಟು ಬೆಳಕು ಅದ, ಪಾಪ ಇದನ್ನ ಮೂಲ್ಯಾಗ ಕತ್ತಲದಾಗ ಯಾಕ ಇಟ್ಟಾಳ ಅನಿಸ್ತು. ನಮ್ಮ ತುಳಸಿ ನೆರಳಿಗಿದ್ರ ಸೊರಗತದಲ್ಲ, ಬಿಸಲಿಗೆ ಇಟ್ರ ಚಿಗೀತದ. ವಹಿಯೊಳಗ ಜಾಗಾ ಬದಲ ಮಾಡ್ರಿ ಅಂತ ಎಲ್ಲೂ ಇದ್ದಿಲ್ಲ, ಮಾಡಬ್ಯಾಡ್ರಿ ಅಂತನೂ ಇದ್ದಿಲ್ಲ. ಸೀರಿ ಸೆರಗು ಸಿಗಿಸಿಕೊಂಡು, ಬಳಿ ಮ್ಯಾಲೆ ಸರಿಸಿ, ಮೊಣಕೈತನಕ ನೀರಾಗ ಕೈ ಹಾಕಿ ಅದನ್ನ ಎತ್ತಿ ಎಲ್ಲಾಕ್ಕಿಂತ ಮ್ಯಾಲಿನ ಕಲ್ಲಿನ ಮ್ಯಾಲೆ, ಬರೋಬ್ಬರಿ ದೀಪದ ಕೆಳಗ ಇಟ್ಟೆ. ಬಾಜೂಕ ಮೆದುಳಿನ್ಹಂಗ ಕಾಣೋ ಇನ್ನೊಂದು ಹವಳ ಇತ್ತು. ಒಂಟಿ ಇತ್ತು, ಜೋಡಿ ಆತು ಅಂದ್ಕೊಂಡೆ.

ಮೊದಲ ಎರಡು ದಿನ ಥಳಥಳ ಹೊಳೀತು. ನಾಲ್ಕನೇ ದಿನಕ್ಕ ಹಸರು ಮಾಸಲಾತು. ಹಸಿವಿ ಇರಬೇಕು ಅಂತ ದಿನಾ ಮೂರು ಹೊತ್ತು ಸೀಗಡಿ ಹಾಕಿದೆ. ತಿನ್ನದಽ ಬಿಟ್ಟದ್ದು ಕಲ್ಲಿನ ಸಂದಿಯೊಳಗ ಕೊಳೀತು, ಗಾಜಿಗೆಲ್ಲಾ ಪಾಚಿ ಹತ್ತಿತು. ಒಂದು ವಾರಕ್ಕ ಕಲ್ಲಂಗಡಿ ಅಂಚು ಬೆಳ್ಳಗ, ಸುಣ್ಣ ಬಳದ ಗ್ವಾಡಿ ಹಂಗ. ಬಾಜೂಕಿನ ಮೆದುಳಿನ ಹವಳಕ್ಕೂ ಇದರ ಕಡಿಗಿನ ಮಗ್ಗಲು ಸುಟ್ಟಂಗಾಗಿ ಕಿತ್ತು ಬರಲಿಕ್ಕೆ ಹತ್ತಿತು. ರಾತ್ರಿ ಬ್ಯಾಟ್ರಿ ಹಾಕಿ ನೋಡಿದ್ರ, ಕಲ್ಲಂಗಡಿಯಿಂದ ಮೂರ್ನಾಲ್ಕು ಇಂಚು ಉದ್ದ ಎಳಿ ಹೊರಬಿದ್ದು ಅದನ್ನ ಮುಟ್ಟಿ ಮುಟ್ಟಿ ಸುಡಲಿಕ್ಕೆ ಹತ್ತಿದ್ದುವು. ದೂರ ಇಟ್ಟದ್ದು ಯಾಕಂತ ಆವಾಗ ತಿಳೀತು.

ನಾ ಏನು ಮಾಡಿದೆ ಹೇಳ್ರಿ? ಮುಚ್ಚಿಟ್ಟೆ. ಸೊಸಿ ದವಾಖಾನಿಯಿಂದ ವಿಡಿಯೋ ಕಾಲ್ ಮಾಡಿದ್ರ ಫೋನು ಮೀನಿನ ಕಡಿ ಹಿಡೀತಿದ್ದೆ. “ಎಲ್ಲಾ ಆರಾಮ ಅದಾವವಾ, ನೀ ಆರಾಮ ಇರು” ಅಂತಿದ್ದೆ. ಅಕಿ ಬಿಪಿ ಏರಬಾರ್ದು ಅಂತ ಒಂದು ನೆವ ಇತ್ತು. ಆದ್ರ ಖರೇ ಕಾರಣ ಅದಲ್ಲ. ಬೈಸ್ಕೋಳಿಕ್ಕೆ ಮನಸ್ಸಿದ್ದಿಲ್ಲ, ಅದೂ ಸೊಸಿ ಕಡಿಂದ.

ಆಗಸ್ಟ್ ಮೊದಲನೇ ವಾರದಾಗ, 34 ವಾರಕ್ಕಽ, ಕೂಸು ಹುಟ್ಟಿತು. ಹೆಣ್ಣು. ಎರಡು ಕಿಲೋ. ಗಾಜಿನ ಪೆಟಿಗಿಯೊಳಗ ಇಟ್ರು. ಮೂಗಿನ್ಯಾಗ ನಳಗಿ. ನಾ ಪೆಟಿಗಿ ತೂತಿನ್ಯಾಗಿಂದ ಕೈ ಹಾಕಿ ಕಾಲು ಸವರಲಿಕ್ಕೆ ಹೋದೆ. ನರ್ಸಬಾಯಿ ಸಮಾಧಾನದಿಂದಽ, ಸವರಬ್ಯಾಡ್ರಿ, ಸುಮ್ನ ಅಂಗೈ ಇಟ್ಟು ಹಂಗಽ ಇರ್ರಿ ಅಂದ್ಲು. ಭಾಳ ಮುಟ್ಟಿದ್ರ ಅವಕ್ಕ ದಣಿವಾಗ್ತದಂತ.

ಐದನೇ ದಿನ ಸೊಸೀನ್ನ ಮನಿಗೆ ಕಳಿಸಿದ್ರು, ಕೂಸು ಅಲ್ಲೇ. ಬಾಣಂತಿ ಬರಿಗೈಲೆ ಹೊಸ್ತಲಾ ದಾಟಿದ್ದು ನಾ ಎಂದೂ ನೋಡಿದ್ದಿಲ್ಲ. ಆರತಿ ಮಾಡಲೋ ಬ್ಯಾಡೋ ತಿಳೀಲಾರದಽ ತಟ್ಟಿ ಹಿಡಕೊಂಡು ನಿಂತೆ. ಅಕಿ ಸೀದಾ ಹೋಗಿ ತೊಟ್ಟಿ ಮುಂದ ಕೂತ್ಲು. ನನ್ನ ಎದಿ ಧಸಕ್ ಅಂತು. ಅಕಿ ಏನೂ ಕೇಳೂಕಿಂತ ಮೊದಲ ನಾನಽ ಅಂದೆ, “ನಾನಽ ಮ್ಯಾಲೆ ಇಟ್ಟೆ. ಕತ್ತಲದಾಗ ಅದ ಅಂತ. ನಾನಽ ಕೊಂದೆ.”

ಅಕಿ ಗಾಜಿಗೆ ಮೂಗು ಹಚ್ಚಿ ಭಾಳ ಹೊತ್ತು ನೋಡಿದ್ಲು. ಆಮ್ಯಾಲೆ ಅಂದ್ಲು, “ಸತ್ತಿಲ್ಲ ಅತ್ಯಾ. ಹಸದದ.”

ಹವಳದ ಮೈಯೊಳಗ ಕಣ್ಣಿಗೆ ಕಾಣದಂಥಾ ಸಣ್ಣ ಪಾಚಿ ಇರ್ತಾವಂತ. ಬೆಳಕು ಕುಡದು ಅವು ಅಡಗಿ ಮಾಡ್ತಾವ, ಹವಳ ಉಣ್ತದ. ಇದರ ಹೆಚ್ಚಿನ ಊಟಾ ಅದಽ, ಸೀಗಡಿ ಬರೇ ಮ್ಯಾಲಿನ ತುತ್ತು. ಬೆಳಕು ಅತೀ ಆದ್ರ ಆ ಪಾಚಿ ಕೆಡ್ತಾವ, ಹವಳ ತಾನಽ ಅವನ್ನ ಹೊರಗ ಹಾಕ್ತದ. ಆವಾಗ ಮೈ ಗಾಜಿನ್ಹಂಗಾಗಿ ಒಳಗಿನ ಬಿಳೇ ಎಲಬು ಕಾಣಸ್ತದ. ನೀರು ಬಿಸಿ ಆದ್ರೂ ಹಂಗಽ. 1998ರಾಗ, 2010ರಾಗ, 2016ರಾಗ ನಮ್ಮ ಲಕ್ಷದ್ವೀಪದ ಹವಳ ಬೆಳ್ಳಗಾದದ್ದು ಸಮುದ್ರ ಬಿಸಿ ಆಗಿ. ಚಾಲಿಸ್‌ನಂಥಾವು ಮೊದಲಽ ನೆರಳಿನ ಜಾತಿ. ಮಗ ಆಮ್ಯಾಲೆ ಯಾರದೋ ಬೆಳಕಿನ ಮೀಟರ್ ತಂದು ಅಳದ. ತಳದ ಮೂಲ್ಯಾಗ 60, ನಾ ಇಟ್ಟ ಜಾಗಾದಾಗ 250. ಅದಕ್ಕ 50ರಿಂದ 100 ಸಾಕಂತ.

“ಮೊದಲಿನ ಜಾಗಾಕ್ಕ ಇಟ್ಟುಬಿಡ್ರಿ. ವಾರಕ್ಕ ಎರಡು ಸಲ ಇಷ್ಟಽ ಇಷ್ಟು ಸೀಗಡಿ. ಮತ್ತ ಮುಟ್ಟಬ್ಯಾಡ್ರಿ” ಅಂದ್ಲು. ಬೈಲಿಲ್ಲ. ಬೈದಿದ್ರ ಹಗುರಾಗ್ತಿತ್ತು.

ಕೂಸು ಇನ್ನೂ ಮೂರು ವಾರ ಅಲ್ಲೇ ಇತ್ತು. ಸೊಸಿ ಮೂರು ತಾಸಿಗೊಮ್ಮೆ ಎದ್ದು ಮಷೀನು ಹಚ್ಚಿ ಹಾಲು ತಗೀಬೇಕು, ಮಗ ಮುಂಜಾನೆ ಬಾಟ್ಲಿ ಒಯ್ದು ಕೊಡಬೇಕು. ರಾತ್ರಿ ಎರಡಕ್ಕ ಅಕಿ ತೊಟ್ಟಿ ಮುಂದಽ ಕೂತು ಹಾಲು ತಗೀತಿದ್ಲು. ಒಬ್ಬಾಕಿನ್ನಽ ಹೆಂಗ ಬಿಡ್ಲಿ, ನಾನೂ ಅಳವಿ ಪಾಯಸಾ ಬಿಸಿ ಮಾಡ್ಕೊಂಡು ಹೋಗಿ ಬಾಜೂಕ ಕೂಡ್ತಿದ್ದೆ. ಅಂಥಾದ್ದೊಂದು ರಾತ್ರಿ ಅಕಿ ತಾನಾಗಿಯೇ ಹೇಳಿದ್ಲು. ಎರಡು ವರ್ಷದ ಹಿಂದ ಒಂದು ಬಸರು ನಿಂತಿತ್ತಂತ. ಹನ್ನೊಂದನೇ ವಾರಕ್ಕ ಹೋತಂತ. ನಮಗ ಯಾರಿಗೂ ಹೇಳಿದ್ದಿಲ್ಲ. ಆ ವಾರ ಮನ್ಯಾಗ ಕೂಡಲಾರದಽ ಸುಮ್ನ ಕಾರು ಹೊಡಕೊಂಡು ಹೋಗೋಮುಂದ ಒಂದು ಮೀನಿನ ಅಂಗಡಿ ಕಂಡಿತ್ತಂತ. ಅಲ್ಲೆ ತಗೊಂಡದ್ದು ಈ ಕಲ್ಲಂಗಡಿ. ಆವಾಗ ಐದು ರೂಪಾಯಿ ನಾಣ್ಯದಷ್ಟು, ಒಂದಽ ಬಾಯಿ.

ಎರಡು ವರ್ಷದ ಹಿಂದ. ನಾ ಲೆಕ್ಕಾ ಹಾಕಿದೆ. ಆ ದೀಪಾವಳಿಗೆ ನಾ ಫೋನಿನ್ಯಾಗ ಅಕಿಗೇ ಅಂದಿದ್ದೆ, “ಈಗಿನ ಹುಡುಗ್ಯಾರಿಗೆ ನೌಕರಿ ಮುಂದ ಮಕ್ಕಳು ಎಲ್ಲಿ ಬೇಕು” ಅಂತ. ನಕ್ಕೋತ ಅಂದಿದ್ದೆ, ನಂಗ ನೆನಪದ. ಅಕಿನೂ ನಕ್ಕಿದ್ಲು. ಈಗ ಏನನ್ಲಿ? ಪಾಯಸದ ಬಟ್ಟಲಾ ಹಿಡಕೊಂಡು ಕೂತೆ. ಅಕಿಗೆ ಆ ಮಾತು ನೆನಪದನೋ ಇಲ್ಲೋ ನಾ ಕೇಳ್ಲಿಲ್ಲ, ಅಕೀನೂ ಹೇಳ್ಲಿಲ್ಲ. ಮಷೀನು ಗುರ್ ಗುರ್ ಅಂತಿತ್ತು. ಸ್ವಲ್ಪ ಹೊತ್ತಿನ ಮ್ಯಾಲೆ ಅಕಿ, “ಅತ್ಯಾ, ನೋಡ್ರಿ, ಎಳಿ ಬಿಟ್ಟದ” ಅಂದ್ಲು. ನೋಡಿದ್ರ ಬಿಳೇ ಮೈಯಿಂದಽ ಎಳಿ ಹೊರಗ ಬಂದಿದ್ದುವು. ಸೀಗಡಿ ಕರಗಿಸಲಿಕ್ಕೆ ನಾನಽ ಎದ್ದೆ. ಆವತ್ತು ಸ್ನಾನ ಮಾಡ್ಲಿಲ್ಲ, ಕೈ ತೊಳಕೊಂಡೆ ಅಷ್ಟಽ.

ಬಣ್ಣ ಬರಲಿಕ್ಕೆ ಮೂರು ತಿಂಗಳು ಹಿಡೀತು. ಮೊದಲ ಬಾಯಿ ಸುತ್ತ ಕಂದು ಬಣ್ಣ, ಆಮ್ಯಾಲೆ ಹಸರು, ಅದೂ ದಿನಾ ನೋಡಿದ್ರ ಗೊತ್ತಾಗೂದಿಲ್ಲ, ವಾರಕ್ಕೊಮ್ಮೆ ಫೋಟೋ ಹಿಡದು ತಾಳಿ ನೋಡಿದ್ರ ಗೊತ್ತಾಗ್ತದ. ಸತ್ತ ಅಂಚು ಮಾತ್ರ ಬರ್ಲಿಲ್ಲ. ಒಂದು ಮಗ್ಗಲಿಗೆ ಬೆರಳಷ್ಟು ಅಗಲ ಬರೇ ಎಲಬು, ಮ್ಯಾಲೆ ಪಾಚಿ. ಮೆದುಳಿನ ಹವಳಕ್ಕೂ ಒಂದು ಕಲೆ ಉಳೀತು. ನಾ ಡಿಸೆಂಬರ್‌ನ್ಯಾಗ ಹೊಳ್ಳಿ ಬರೋಮುಂದ ಕೂಸಿಗೆ ನಾಲ್ಕು ತಿಂಗಳಾಗಿತ್ತು, ಅಕೀನೂ ನಾಲ್ಕೂವರಿ ಕಿಲೋ ಮೀರಿದ್ಲು.

ಎದುರುಮನಿ ಅಕ್ಕಾರು ಒಂದು ತುಂಡು ತರಬೇಕಿತ್ತಲ್ಲ ಅಂದ್ರಂತ. ಅಕ್ಕಾ, ಹವಳದ ದಿಬ್ಬಾ ಕಟ್ಟೋ ಹವಳ ಎಲ್ಲಾ ನಮ್ಮಲ್ಲೆ 1972ರ ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಯೊಳಗ ಅದಾವ, ಹುಲಿ ಇರೋ ಪಟ್ಟಿ. ನೋಡಬೇಕಂದ್ರ ಮುರ್ಡೇಶ್ವರಕ್ಕ ಹೋದಾಗ ನೇತ್ರಾಣಿ ದ್ವೀಪಕ್ಕ ಕರಕೊಂಡು ಹೋಗ್ತಾರ, ಅಲ್ಲೆ ನೀರಿನ ಒಳಗ ಹವಳ ಅದಾವಂತ. ನೀವು ಮುಳಗ್ರಿ, ನಾ ದಂಡಿ ಮ್ಯಾಲೆ ನಿಮ್ಮ ಚಪ್ಪಲಿ ಕಾಯ್ತೀನಿ.

ನಿನ್ನೆ ರಾತ್ರಿ ಸೊಸಿ ವಿಡಿಯೋ ಕಾಲ್ ಮಾಡಿದ್ಲು. ಕೂಸು ನಡದ ಮ್ಯಾಲೆ. ಫೋನು ತಂದು ಗಾಜಿಗೆ ಹಿಡದ್ಲು. “ಅತ್ಯಾ, ಅಂಚಿನ ಕಡಿ ನೋಡ್ರಿ, ಎಣಸ್ರಿ” ಅಂದ್ಲು. ಚಾಳೀಸು ಹಾಕ್ಕೊಂಡು ಎಣಿಸಿದೆ. ನಾ ಇದ್ದಾಗ ಏಳು. ಈಗ ಎಂಟು. ಎಂಟನೇದ್ದು ಸಾಸಿವಿ ಕಾಳಿನಷ್ಟು, ಆದ್ರ ಕೆಂಪಗ ಅದ. ಸುಣ್ಣದ ತಿಳಿ ದಿನಾ ಹಾಕ್ಲಿಕ್ಕೆ ಹತ್ತಿಯೋ ಇಲ್ಲೋ ಅಂತ ಕೇಳಬೇಕಂತಿದ್ದೆ, ಅಷ್ಟರಾಗ ಕೂಸು ಫೋನು ಕಸಗೊಂಡು ಬಾಯಾಗ ಇಟ್ಕೊಂಡ್ಲು.